ಡೆಲ್ಮರ್ ಕ್ರೌಚ್ ಕೂಗಿಕೊಂಡ ಶನಿವಾರ

ಬ್ರಾಂಟ್ಲಿಯಲ್ಲಿ ಡೆಲ್ಮರ್ ಕ್ರೌಚನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. ಪಂದ್ಯ ಇರುವ ದಿನ ಕ್ವಾರಿ ರಸ್ತೆಗೆ ಹೋಗಿ ನಿಂತುಕೊಳ್ಳಿ, ತಾನಾಗಿಯೇ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅದೇನು ತಮಾಷೆಗೆ ಹೇಳಿದ ಮಾತಲ್ಲ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 'ಕಮ್ಮಾರರು' ಎಂದು ಹೆಸರು. ಕಮ್ಮಾರರು ಆಟಕ್ಕೆ ಇಳಿದರೆಂದರೆ ಡೆಲ್ಮರನ ಗಂಟಲು ಬೀದಿಯ ಆ ತುದಿಯಿಂದ ಈ ತುದಿಗೆ ಕೇಳಿಸುತ್ತಿತ್ತು. ಕೇಳಿ ಕೇಳಿ ಬೀದಿಯ ನಾಯಿಗಳೂ ತಲೆ ಎತ್ತುವುದನ್ನು ಬಿಟ್ಟಿದ್ದವು.

ಅವನು ಕಾಲೇಜಿನ ಮೆಟ್ಟಿಲು ಹತ್ತಿ ಓದಿದವನಲ್ಲ. ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲೇ ಅಪ್ಪನ ಹಿಂದೆ ಸುಣ್ಣಕಲ್ಲಿನ ಕಾರ್ಖಾನೆಗೆ ಹೋದ. ಮನೆಯಷ್ಟು ದೊಡ್ಡ ಬಂಡೆಗಳನ್ನು ಕೊಯ್ಯುವ ಗರಗಸದ ಪಕ್ಕದಲ್ಲಿ ನಿವೃತ್ತಿಯವರೆಗೂ ನಿಂತ. ಆ ಗರಗಸದ ಸದ್ದು ಅವನ ಕಿವಿಯ ಅರ್ಧವನ್ನು ತಿಂದು ಹಾಕಿತ್ತು. ಹಾಗಾಗಿ ಮೆಲ್ಲಗೆ ಮಾತಾಡಿದ್ದೇನೆ ಎಂದು ಅವನು ಅಂದುಕೊಂಡಾಗಲೂ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಕೂಗುವುದನ್ನು ಅವನು ಕಲಿತದ್ದು ಮಾತ್ರ ಅಪ್ಪನಿಂದ. ಎವರೆಟ್ ಕ್ರೌಚ್ ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು 'ಉಪ್ಪು ಕೊಡು' ಎನ್ನುವುದಕ್ಕೆ ಮಾತ್ರ. ಹೆಂಡತಿಯ ಹೆಸರನ್ನೂ ಅವನು ಕರೆದದ್ದನ್ನು ಮಕ್ಕಳು ಕೇಳಿರಲಿಲ್ಲ. ಆದರೆ ಶನಿವಾರ ಮಗನನ್ನು ಕಾಲೇಜಿನ ಅಂಗಣಕ್ಕೆ ಕರೆದುಕೊಂಡು ಹೋಗಿ ಮರದ ಬೆಂಚಿನ ಮೇಲೆ ಕೂತನೆಂದರೆ ಬೇರೆಯೇ ಮನುಷ್ಯ. ಎದ್ದು ನಿಂತು ತೋಳು ಬೀಸಿ ಗರ್ಜಿಸುತ್ತಿದ್ದ. ಪಕ್ಕದಲ್ಲಿ ಒತ್ತಿಕೊಂಡು ಕೂತ ಹುಡುಗನಿಗೆ ಅಪ್ಪನ ಪಕ್ಕೆಲುಬು ನಡುಗುವುದು ತನ್ನ ಭುಜಕ್ಕೆ ತಾಕುತ್ತಿತ್ತು. ಅಪ್ಪನ ಒಳಗೆ ಇಷ್ಟೊಂದು ದನಿ ಇದೆ ಎನ್ನುವುದು ಗೊತ್ತಿದ್ದದ್ದು ತನಗೊಬ್ಬನಿಗೇ ಎಂದು ಡೆಲ್ಮರ್ ಬಹಳ ಕಾಲ ನಂಬಿದ್ದ.

ಅಪ್ಪ ನೋಡಿದ ಕೊನೆಯ ಪಂದ್ಯ ಮಾರ್ಲೋ ಸ್ಟೇಟ್ ವಿರುದ್ಧದ್ದು. ಕೊನೆಯ ಗಳಿಗೆ. ಕಮ್ಮಾರರ ಹುಡುಗ ಚೆಂಡು ಹಿಡಿದು ನುಗ್ಗಿದ, ಬುಟ್ಟಿಗೆ ಹಾಕಿಯೂ ಬಿಟ್ಟ. ಆದರೆ ನುಗ್ಗುವಾಗ ಅಡ್ಡ ನಿಂತಿದ್ದ ಮಾರ್ಲೋ ಹುಡುಗ ಅಂಗಾತ ಬಿದ್ದಿದ್ದ. ಲಾಯ್ಡ್ ಪೆಟ್ರಿ ಎಂಬ ಎಳೆಯ ರೆಫರಿ ಸೀಟಿ ಊದಿದ. ನುಗ್ಗಿದವನದೇ ತಪ್ಪು, ಹಾಕಿದ ಬುಟ್ಟಿ ಲೆಕ್ಕಕ್ಕಿಲ್ಲ ಎಂದ. ಕಮ್ಮಾರರು ಸೋತರು. ಎವರೆಟ್ ಕ್ರೌಚ್ ಏನೂ ಅನ್ನದೆ ಟೋಪಿ ಹಾಕಿಕೊಂಡು ಹೊರಗೆ ನಡೆದ. ಆ ಬೇಸಿಗೆಯಲ್ಲೇ ತೀರಿಕೊಂಡ.

ಅಪ್ಪ ಸತ್ತದ್ದು ಕಲ್ಲಿನ ಧೂಳು ತುಂಬಿದ ಶ್ವಾಸಕೋಶದಿಂದ. ಅದು ಡೆಲ್ಮರನಿಗೂ ಗೊತ್ತಿತ್ತು. ಆದರೂ ಪೆಟ್ರಿಯ ಹೆಸರು ಕಿವಿಗೆ ಬಿದ್ದರೆ ಅವನ ಮೈ ಉರಿಯುತ್ತಿತ್ತು. ಒಂದು ಸಲ ಪೆಟ್ರಿ ಇನ್ನೊಂದು ಪಂದ್ಯಕ್ಕೆ ಬಂದಾಗ ತನ್ನ ಬೂಟು ಬಿಚ್ಚಿ ಅಂಗಣಕ್ಕೆ ಎಸೆದ. ಕಾಲೇಜಿನವರು ಒಂದು ವರ್ಷ ಒಳಗೆ ಕಾಲಿಡಬೇಡ ಎಂದರು. "ಕರೆದರೂ ಬರೋದಿಲ್ಲ ಹೋಗ್ರಯ್ಯ!" ಎಂದು ಹೇಳಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಯ ಹಜಾರದಲ್ಲಿ ಟಿವಿ ಮುಂದೆ ಕೂತು ಕೂಗಿದ. ಒಂದು ದಿನ ಕಾಫಿ ಲೋಟ ಟಿವಿಯ ಹೊಟ್ಟೆಗೆ ಹೋಗಿ ಬಿತ್ತು. ಹೆಂಡತಿ ಲೊರೇನ್ ಗಾಜಿನ ಚೂರುಗಳನ್ನು ಗುಡಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತು, "ಈ ಮನೆಯೊಳಗೆ ಇನ್ನು ಮುಂದೆ ಒಂದೋ ಆ ಆಟ ಇರುತ್ತೆ, ಇಲ್ಲಾ ನಾನಿರ್ತೀನಿ" ಎಂದಳು. ಡೆಲ್ಮರ್ ರೇಡಿಯೋ ಎತ್ತಿಕೊಂಡು ಗ್ಯಾರೇಜಿಗೆ ಹೋದ. ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ಲೊರೇನ್ ಅದರ ದೊಡ್ಡ ಬಾಗಿಲನ್ನು ಪೂರ್ತಿ ಇಳಿಸಿ, ಸಂದಿಗೆಲ್ಲ ಅವನ ಕೈಯಿಂದಲೇ ಹಳೆಯ ಜಮಖಾನೆ ತುರುಕಿಸಿದಳು. ಪಂದ್ಯದ ದಿನ ಮಗಳು ಮೊಮ್ಮಕ್ಕಳನ್ನು ಕರೆತರುವುದು ನಿಂತಿತು. ಲೊರೇನಳೂ ಪಕ್ಕದೂರಿನ ತಂಗಿ ಬಾನಿಯ ಮನೆಗೆ ಹೋಗಿ ಕೂರುವ ರೂಢಿ ಮಾಡಿಕೊಂಡಳು. ಗೆದ್ದರೆ ಕೂಡಲೇ ಹೊರಟು ಬರುವಳು, ತಂಗಿ ಮಾಡಿದ ಪರ್ಸಿಮನ್ ಹಣ್ಣಿನ ಪುಡಿಂಗ್ ತರುವಳು. ಸೋತರೆ ರಾತ್ರಿ ಊಟ ಮುಗಿಸಿಯೇ ಬರುವುದು.

ಆ ಫೆಬ್ರವರಿಯ ಶನಿವಾರವೂ ಅವಳು ಹಾಗೇ ಹೊರಟಳು. ಮಾರ್ಲೋ ಸ್ಟೇಟ್ ವಿರುದ್ಧ ಪಂದ್ಯ. ರೆಫರಿ ಪೆಟ್ರಿ.

"ಒಲೆ ಮೇಲೆ ಹುರುಳಿಕಾಯಿ ಸೂಪ್ ಇದೆ. ಜೋಳದ ರೊಟ್ಟಿ ಡಬ್ಬೀಲಿದೆ. ಎದೆ ಒಡಕೊಂಡು ಸಾಯಬೇಡ" ಎಂದಳು.

"ಈ ಸಲ ನಾನು ಬಾಯೇ ಬಿಡೋದಿಲ್ಲ. ಟ್ರಕ್ಕಿನ ಬ್ರೇಕು ರಿಪೇರಿ ಮಾಡ್ತಾ ಸುಮ್ಮನೆ ಕೇಳ್ತೀನಿ."

"ಹೂಂ" ಎಂದಳು ಲೊರೇನ್. ಮೂವತ್ತು ವರ್ಷಗಳಿಂದ ಕೇಳಿದ ಮಾತಿಗೆ ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿರಲಿಲ್ಲ.

ಬ್ರೇಕಿನ ಕೆಲಸವೇನೋ ನಿಜವಾಗಿಯೂ ಇತ್ತು. ಹಳೆಯ ಪಿಕಪ್ ಟ್ರಕ್ಕು ಇಳಿಜಾರಿನಲ್ಲಿ ಕಿರುಗುಡುತ್ತಿತ್ತು. ಡೆಲ್ಮರ್ ಮುಂದಿನ ಎಡಬದಿಯನ್ನು ಜಾಕಿನಿಂದ ಎತ್ತಿ, ಚಕ್ರ ಬಿಚ್ಚಿ, ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ಅಡ್ಡಲಾಗಿ ತಳ್ಳಿದ. ಅದು ಅಪ್ಪ ಕಲಿಸಿದ ಅಭ್ಯಾಸ. ಅದಲ್ಲದೆ ಗಾಡಿಗೆ ಆಸರೆಯಾಗಿ ಕಬ್ಬಿಣದ ಸ್ಟ್ಯಾಂಡುಗಳನ್ನೂ ಕೊಡಬೇಕಿತ್ತು. ಅವು ಗೋಡೆಗೆ ಒರಗಿಕೊಂಡೇ ಇದ್ದವು. ಅಷ್ಟರಲ್ಲಿ ರೇಡಿಯೋದಲ್ಲಿ ಆಟ ಶುರುವಾಗಿ ಚೆಂಡು ಮೇಲಕ್ಕೆ ಹಾರಿತು, ಸ್ಟ್ಯಾಂಡು ಮರೆತುಹೋಯಿತು. ನೆಲದ ಮೇಲೆ ರಟ್ಟು ಹಾಸಿಕೊಂಡು, ಎರಡೂ ಕಾಲನ್ನು ಗಾಡಿಯ ಅಡಿಗೆ ಚಾಚಿ ಕೂತು ಕೆಲಸ ಶುರು ಮಾಡಿದ.

ಸ್ವಲ್ಪ ಹೊತ್ತು ಮಾತು ಉಳಿಸಿಕೊಂಡ. ಕಮ್ಮಾರರ ಎತ್ತರದ ಹುಡುಗ ಎರಡು ಸಲ ಚೆಂಡು ಕೈಬಿಟ್ಟಾಗ ಹಲ್ಲು ಕಚ್ಚಿದ. ಮಾರ್ಲೋದವರು ಮುಂದೆ ಹೋದಾಗ "ಅಯ್ಯೋ ನಿನ್ನ" ಎಂದಷ್ಟೇ ಅಂದ. ಆಮೇಲೆ ಸೀಟಿ ಕೇಳಿಸಿತು. ವೀಕ್ಷಕ ವಿವರಣೆಯವನು, "ಲಾಯ್ಡ್ ಪೆಟ್ರಿ ಕಮ್ಮಾರರ ಕಡೆ ಕೈ ತೋರಿಸ್ತಿದಾರೆ" ಎಂದ.

"ನಿನ್ನ ಕಣ್ಣಿಗೆ ಮಣ್ಣು ಹಾಕ!" ಎಂದು ಡೆಲ್ಮರ್ ಬಲಗಾಲು ಎತ್ತಿ ಒದ್ದ. ಒದ್ದದ್ದು ಪೆಟ್ರಿಗೆ, ತಾಗಿದ್ದು ಜಾಕಿಗೆ.

ಜಾಕು ವಾಲಿ ಜಾರಿತು. ಟ್ರಕ್ಕು ನರಳಿದ ಹಾಗೆ ಸದ್ದು ಮಾಡಿ ಕುಸಿಯಿತು. ಅಡಿಯಲ್ಲಿದ್ದ ಚಕ್ರ ಮುಕ್ಕಾಲು ಭಾರ ಹೊತ್ತುಕೊಂಡಿತು. ಆದರೆ ಬ್ರೇಕಿನ ಕಬ್ಬಿಣದ ತಟ್ಟೆ ಅವನ ಎಡಗಾಲಿನ ಮೇಲೆ, ಮೊಣಕಾಲಿಗಿಂತ ತುಸು ಕೆಳಗೆ ಬಂದು ಕೂತಿತು. ಏನೋ ಮುರಿದದ್ದು ಕಿವಿಗೆ ಕೇಳಿಸಲಿಲ್ಲ, ಹಲ್ಲಿಗೆ ಗೊತ್ತಾಯಿತು.

ಅವನು ಕೂಗಿದ ಕೂಗಿಗೆ ಮಾತಿರಲಿಲ್ಲ.

ಹೊರಗೆ, ಬೇಲಿಯ ಆಚೆ, ಪಕ್ಕದ ಮನೆಯ ಗ್ಲೆನ್ ಸ್ಟ್ರೌಟ್ ಹಿಂಬದಿಯ ಜಗಲಿಯಲ್ಲಿ ಕೆಂಡದ ಮೇಲೆ ಹಂದಿಮಾಂಸ ಬೇಯಿಸುತ್ತಿದ್ದ. ಹಿಮ ಬಿದ್ದಿದ್ದರೂ ಶನಿವಾರ ಮಾಂಸ ಸುಡುವುದನ್ನು ಅವನು ಬಿಟ್ಟವನಲ್ಲ. ಅಂಚೆ ಹಂಚಿ ಹಂಚಿ ಊರಿನ ಎಲ್ಲರಿಗೂ ಬೇಕಾದವನು, ಡೆಲ್ಮರನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಅವನ ಪಕ್ಕದಲ್ಲೂ ಅದೇ ಪಂದ್ಯದ ರೇಡಿಯೋ.

"ಇನ್ನೂ ಮೊದಲರ್ಧ ಕಣೋ! ಗಂಟಲು ಸ್ವಲ್ಪ ಉಳಿಸ್ಕೋ!" ಎಂದು ಗ್ಲೆನ್ ಅಲ್ಲಿಂದಲೇ ಕೂಗಿದ.

ಕಣ್ಣಿಗೆ ಕವಿದ ಕತ್ತಲೆ ತಿಳಿಯಾದ ಮೇಲೆ ಡೆಲ್ಮರ್ ಸುತ್ತ ನೋಡಿದ. ಕಾಲು ಎಳೆದರೆ ಜೀವ ಹೋದ ಹಾಗೆ ಆಗುತ್ತಿತ್ತು, ಬರುತ್ತಿರಲಿಲ್ಲ. ಜಾಕು ಉರುಳಿ ಗಾಡಿಯ ಆ ಬದಿಗೆ ಹೋಗಿತ್ತು. ಫೋನು ಬೆನ್ನ ಹಿಂದಿನ ಮೇಜಿನ ಮೇಲೆ, ರೇಡಿಯೋದ ಪಕ್ಕದಲ್ಲೇ ಇತ್ತು. ಮಲಗಿ ಕೈ ಚಾಚಿದರೂ ಬೆರಳಿಗೂ ಮೇಜಿನ ಕಾಲಿಗೂ ನಡುವೆ ಇನ್ನೊಂದು ತೋಳಿನಷ್ಟು ದೂರ ಉಳಿಯುತ್ತಿತ್ತು. ರೇಡಿಯೋ ಮಾತ್ರ ಅವನ ಅರೆಗಿವಿಗೆ ತಕ್ಕ ಹಾಗೆ ಬೊಬ್ಬೆ ಹೊಡೆಯುತ್ತಿತ್ತು.

"ಕಾಪಾಡ್ರೋ! ಯಾರಾದ್ರೂ ಕಾಪಾಡ್ರೋ!"

"ಅವರನ್ನ ದೇವರೇ ಕಾಪಾಡಬೇಕು ಡೆಲ್ಮರ್! ನಮ್ಮ ಕೈಯಲ್ಲಿಲ್ಲ!" ಎಂದ ಗ್ಲೆನ್.

"ಗ್ಲೆನ್! ನಾನು ಸಾಯ್ತಿದೀನೋ!"

"ಪ್ರತಿ ಶನಿವಾರ ಸಾಯ್ತೀಯ, ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಲ್ಲಿ ಕೂತಿರ್ತೀಯ!"

"ಕಾಲು! ನನ್ನ ಕಾಲು ಕಣೋ! ಕಾಲು!"

ಅದೇ ಹೊತ್ತಿಗೆ ರೇಡಿಯೋದಲ್ಲಿ ಕಮ್ಮಾರರ ಎತ್ತರದ ಹುಡುಗ ಎಡವಿ ಚೆಂಡು ಕಳೆದುಕೊಂಡಿದ್ದ. "ನಾನೂ ಅದನ್ನೇ ಹೇಳ್ತಿರೋದು!" ಎಂದು ಗ್ಲೆನ್ ಗಹಗಹಿಸಿದ. "ಅವನಿಗೆ ಕಾಲಲ್ಲ, ಎರಡು ಕಂಬ ಕೊಟ್ಟಿದಾನೆ ದೇವರು!"

ಡೆಲ್ಮರನಿಗೆ ಮೊದಲು ಬಂದದ್ದು ಸಿಟ್ಟು. ಗ್ಲೆನ್ನನ ಮೇಲೆ ಎಲ್ಲಿಲ್ಲದ ಸಿಟ್ಟು. ಪಕ್ಕದಲ್ಲಿ ಬಿದ್ದಿದ್ದ ಚಕ್ರದ ನಟ್ಟು ಒಂದನ್ನು ಎತ್ತಿ ಎತ್ತರದಲ್ಲಿದ್ದ ಸಣ್ಣ ಕಿಟಕಿಗೆ ಎಸೆದ. ಗಾಜು ಒಡೆದು ಚೂರು ಚೂರಾಗಿ ಹೊರಗೆ ಬಿತ್ತು. ಈಗಲಾದರೂ ಎಂದು ಉಸಿರು ಹಿಡಿದ.

"ಮತ್ತೇನು ಒಡೆದೆಯೋ?" ಗ್ಲೆನ್ನನ ದನಿ ಈಗ ಇನ್ನೂ ಸ್ಪಷ್ಟವಾಗಿ ಕೇಳಿಸಿತು. "ಲೊರೇನ್ ಬಂದ ಮೇಲೆ ನಿನಗಿದೆ ಹಬ್ಬ!"

ಆ ಒಡೆದ ಕಿಟಕಿಯಿಂದ ಚಳಿಗಾಳಿ ನೆಟ್ಟಗೆ ನೆಲಕ್ಕೆ ಇಳಿಯತೊಡಗಿತು. ಅಷ್ಟು ಮಾತ್ರ ಅವನ ಗಳಿಕೆ.

ಸ್ವಲ್ಪ ಹೊತ್ತಿನ ಮೇಲೆ ನಾಯಿಯ ಕೊರಳ ಗಂಟೆ ಕೇಳಿಸಿತು. ಮಿಸ್ ಓಪಲ್ ಪ್ರೂಯಿಟ್ ನಾಯಿಯನ್ನು ತಿರುಗಾಡಿಸುತ್ತ ರಸ್ತೆಯಲ್ಲಿ ಬರುತ್ತಿದ್ದಳು. ಚಿಕ್ಕಂದಿನಲ್ಲಿ ಅವನಿಗೆ ಚರ್ಚಿನ ಶಾಲೆಯಲ್ಲಿ ಬೈಬಲಿನ ಹತ್ತು ಆಜ್ಞೆ ಬಾಯಿಪಾಠ ಮಾಡಿಸಿದವಳು. ಎಂಬತ್ತು ದಾಟಿದ್ದರೂ ದಾರಿಯಲ್ಲಿ ಸಿಕ್ಕಿದರೆ ಇವತ್ತಿಗೂ ಅವನ ಕಾಲರು ಸರಿಮಾಡುವಳು.

"ಮಿಸ್ ಓಪಲ್! ದೇವರಾಣೆ! ಮಿಸ್ ಓಪಲ್, ಯೇಸುವಿನಾಣೆ, ಒಳಗೆ ಬನ್ನಿ!"

ಗಂಟೆಯ ಸದ್ದು ನಿಂತಿತು.

"ಡೆಲ್ಮರ್ ಕ್ರೌಚ್! ಆಟಕ್ಕೆಲ್ಲ ಆ ಹೆಸರು ಎಳೀಬೇಡ ಅಂತ ನಿಂಗೆ ಎಷ್ಟು ಸಲ ಹೇಳಬೇಕು? ನಿಮ್ಮಮ್ಮ ಇದ್ದಿದ್ರೆ ಸೋಪು ಹಾಕಿ ಬಾಯಿ ತೊಳೀತಿದ್ಲು. ನಾಚಿಕೆ ಆಗಬೇಕಪ್ಪ!"

ಗಂಟೆಯ ಸದ್ದು ಮತ್ತೆ ಶುರುವಾಗಿ ದೂರ ದೂರ ಹೋಯಿತು.

ಅರ್ಧ ಆಟ ಮುಗಿಯಿತು. ಕಮ್ಮಾರರು ಬಹಳ ಹಿಂದೆ ಬಿದ್ದಿದ್ದರು. ಈ ಹೊತ್ತಿನಲ್ಲಿ ಕೂಗಿದರೆ ಆಟಕ್ಕೆ ಕೂಗಿದ್ದು ಎಂದು ಯಾರೂ ಅಂದುಕೊಳ್ಳಲಾರರು ಎಂದು ಅವನಿಗೆ ಹೊಳೆಯಿತು. ಇದ್ದ ಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದ. ಆದರೆ ಅರ್ಧ ಆಟ ಮುಗಿದಾಗ ಹೊರಗೆ ಇರುವವರು ಯಾರು? ಗ್ಲೆನ್ ಬೆಂದ ಮಾಂಸ ಎತ್ತಿಕೊಂಡು ಊಟಕ್ಕೆ ಒಳಗೆ ಹೋಗಿದ್ದ. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ತಟ್ಟೆ ಹಿಡಿದಿದ್ದರು. ರೇಡಿಯೋದಲ್ಲಿ ಕಾಲೇಜಿನ ವಾದ್ಯದವರು ಕಹಳೆ ಊದುತ್ತಿದ್ದರು. ಅದಾದ ಮೇಲೆ ಹಾಸಿಗೆ ಅಂಗಡಿಯ ಜಾಹೀರಾತು, ಮೆತ್ತನೆಯ ನಿದ್ದೆಯ ಬಗ್ಗೆ.

ಕೂಗಿ ಕೂಗಿ ಗಂಟಲು ಕಟ್ಟಿತು. ಅವನು ಸಿಮೆಂಟು ನೆಲದ ಮೇಲೆ ಬೆನ್ನು ಚೆಲ್ಲಿದ. ಕಾಲಿನ ನೋವು ಈಗ ಹರಿತವಾಗಿರಲಿಲ್ಲ, ಒಳಗೆ ಯಾರೋ ಕೂತು ನಿಧಾನವಾಗಿ ಕುಟ್ಟಿದ ಹಾಗಿತ್ತು. ಪಾದ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಎಲೆಕ್ಟ್ರಿಕ್ ಹೀಟರು ಮೇಲಿನ ಗಾಳಿಯನ್ನಷ್ಟೇ ಬಿಸಿ ಮಾಡುತ್ತಿತ್ತು. ನೆಲದ ತಂಪು ಅಂಗಿಯೊಳಗಿಂದ ಬೆನ್ನುಮೂಳೆಗೆ ಇಳಿಯಿತು. ಹಲ್ಲು ಕಟಕಟ ಎನ್ನತೊಡಗಿದವು.

ಲೊರೇನ್ ಬಾನಿಯ ಮನೆಯಲ್ಲಿ ಕೂತು ಪಂದ್ಯದ ಫಲಿತಾಂಶಕ್ಕೆ ಕಾಯುತ್ತಿರುತ್ತಾಳೆ. ಗೆದ್ದರೆ ಬೆಳಕಿರುವಾಗಲೇ ಬಂದಾಳು. ಸೋತರೆ? ಊಟ, ಪಾತ್ರೆ ತೊಳೆಯುವುದು, ಎರಡು ಆಟ ಇಸ್ಪೀಟು, ಆಮೇಲೆ ಹಿಮದ ದಾರಿಯಲ್ಲಿ ಮೆಲ್ಲಗೆ ಕಾರು ಓಡಿಸಿಕೊಂಡು ಬರುವುದು. ಬಂದರೂ ನೇರ ಗ್ಯಾರೇಜಿಗೆ ಬರುವವಳಲ್ಲ. ಸೋತ ದಿನ ಅವನು ತಾನಾಗಿ ಒಳಗೆ ಬರುವ ತನಕ ಅವಳು ಆ ಬಾಗಿಲು ಮುಟ್ಟುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಆದರೆ ಮನೆಯಲ್ಲಿ ಅದೊಂದು ನಿಯಮವಾಗಿಬಿಟ್ಟಿತ್ತು.

ಡೆಲ್ಮರ್ ಮೊದಲು ಅಂಗಣ ಕಳೆದುಕೊಂಡ, ಆಮೇಲೆ ಹಜಾರ. ಈ ಗ್ಯಾರೇಜು ತನ್ನದೇ ಎಂದು ಅಂದುಕೊಂಡಿದ್ದ, ಇಲ್ಲಿ ಯಾರ ಹಂಗೂ ಇಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದ. ಈಗ ರಟ್ಟಿನ ತುಂಡಿನಷ್ಟು ಜಾಗ ಉಳಿದಿತ್ತು. ಬಿದ್ದಲ್ಲಿಂದಲೇ ಅವನು ಮುಚ್ಚಿದ ದೊಡ್ಡ ಬಾಗಿಲನ್ನು, ಅದರ ಅಡಿಯ ಸಂದಿಗೆ ತಾನೇ ತುರುಕಿದ ಜಮಖಾನೆಯನ್ನು ನೋಡಿದ. ಹೊರಗಿನವರಿಗೆ ತನ್ನ ದನಿ ಹೇಗೆ ಕೇಳಿಸಿರಬಹುದು ಎಂದು ಇಷ್ಟು ವರ್ಷದಲ್ಲಿ ಮೊದಲ ಸಲ ಯೋಚಿಸಿದ. ಸಾಯುವವನ ಕೂಗಿಗೂ ಚೆಂಡು ತಪ್ಪಿದವನ ಕೂಗಿಗೂ ವ್ಯತ್ಯಾಸ ಇಲ್ಲದ ಹಾಗೆ ತಾನು ಕೂಗಿದ್ದೇನೆಯೇ? ಮೂವತ್ತು ವರ್ಷ? ಮಗಳು ಚಿಕ್ಕವಳಿದ್ದಾಗ ಪಂದ್ಯದ ದಿನ ತನ್ನ ಕೋಣೆಯ ಕಪಾಟಿನೊಳಗೆ ಹೋಗಿ ಗೊಂಬೆಗಳೊಡನೆ ಕೂರುತ್ತಿದ್ದಳು. ಮಗು ಆಟವಾಡುತ್ತಿದೆ ಎಂದು ಅವನು ಅಂದುಕೊಂಡಿದ್ದ.

ಅಳು ಬಂತು. ಅಳುವುದಕ್ಕೂ ಮೈಯಲ್ಲಿ ಬಿಸಿ ಬೇಕಲ್ಲ, ಅದು ನಡುಕವಾಗಿಯೇ ಹೋಯಿತು.

ಉಳಿದರ್ಧ ಶುರುವಾಯಿತು. ಪಕ್ಕದ ಜಗಲಿಯಲ್ಲಿ ಗ್ಲೆನ್ನನ ಕೆಮ್ಮು ಮತ್ತೆ ಕೇಳಿಸಿತು. ಡೆಲ್ಮರ್ ಕೂಗಲಿಲ್ಲ. ಕೂಗಿದರೆ ಪ್ರಯೋಜನವಿಲ್ಲ ಎಂದು ತಿಳಿದು ಸುಮ್ಮನೆ ಬಿದ್ದುಕೊಂಡ. ಬಿದ್ದಲ್ಲಿಂದಲೇ ದೇವರನ್ನು ಬೇಡಿದ: ಗೆಲ್ಲಿಸು. ಇಷ್ಟು ವರ್ಷ ಅವನು ಬೇಡಿದ್ದು ಅದನ್ನೇ. ಆದರೆ ಇವತ್ತು ಬೇಡುವುದಕ್ಕೆ ನಿಜವಾದ ಕಾರಣ ಇತ್ತು.

ಏನಾಯಿತೋ, ಕಮ್ಮಾರರು ಎದ್ದರು. ಎತ್ತರದ ಹುಡುಗನ ಕೈಗೆ ಚೆಂಡು ಅಂಟತೊಡಗಿತು. ಒಂದಾದ ಮೇಲೊಂದು ಬುಟ್ಟಿ. ಅಂತರ ಕರಗುತ್ತ ಬಂತು. ಬೀದಿಯ ಮನೆಗಳಿಂದ ಕೇಕೆ ಕೇಳಿಸಿತು. "ಡೆಲ್ಮರ್! ಕೇಳ್ತಿದೀಯೇನೋ? ಉಸಿರೇ ಇಲ್ಲವಲ್ಲೋ!" ಎಂದ ಗ್ಲೆನ್.

"ಗ್ಲೆನ್... ಬಾರೋ..." ದನಿ ಗೊಗ್ಗರಾಗಿತ್ತು.

"ಬರ್ತಿದಾರೆ, ಬರ್ತಿದಾರೆ! ಇನ್ನೇನು ಹಿಡಿದೇಬಿಟ್ರು!"

ಡೆಲ್ಮರ್ ಕಣ್ಣು ಮುಚ್ಚಿದ. ಈ ಗ್ಯಾರೇಜಿನಿಂದ ಇವರು ಏನು ತಾನೆ ಕೇಳಿಲ್ಲ? ಕಾಪಾಡಿ, ಸತ್ತೆ, ಕೊಂದ, ಕಾಲು, ಕಣ್ಣು, ದೇವರು, ದೆವ್ವ, ಎಲ್ಲವನ್ನೂ ಕೇಳಿದ್ದಾರೆ. ಎಲ್ಲ ಮಾತಿನ ಬೆಲೆಯನ್ನೂ ತಾನೇ ತೆಗೆದಿದ್ದಾನೆ. ಇವರು ಕೇಳದೇ ಇರುವ ಮಾತು ಇನ್ನೇನಾದರೂ ಉಳಿದಿದೆಯೇ?

ಆಗ ಕೊನೆಯ ನಿಮಿಷ. ಕಮ್ಮಾರರು ಒಂದೇ ಒಂದು ಅಂಕ ಹಿಂದೆ. ಕಮ್ಮಾರರ ಹುಡುಗನೊಬ್ಬ ಚೆಂಡು ಹಿಡಿದು ನುಗ್ಗಿದ. ಸೀಟಿ.

"ಲಾಯ್ಡ್ ಪೆಟ್ರಿ!" ಎಂದು ರೇಡಿಯೋದವನು ನರಳಿದ. "ನುಗ್ಗಿದವನದೇ ತಪ್ಪು ಅಂತಿದಾರೆ! ಬುಟ್ಟಿ ಲೆಕ್ಕಕ್ಕಿಲ್ಲ! ನಂಬೋದಕ್ಕೇ ಆಗ್ತಿಲ್ಲ!"

ಬೀದಿಯ ಉದ್ದಕ್ಕೂ ಮನೆಮನೆಯಿಂದ ಒಂದು ಹಾಹಾಕಾರ ಎದ್ದಿತು. ಗ್ಲೆನ್ ಇಕ್ಕಳವನ್ನು ಒಲೆಗೆ ಬಡಿದು, "ಪೆಟ್ರೀ!" ಎಂದು ಅರಚಿದ. ಆಮೇಲೆ ಒಂದು ಕ್ಷಣ ಎಲ್ಲ ನಿಶ್ಶಬ್ದ. ಎಲ್ಲರೂ ತನ್ನ ಕೂಗಿಗೆ ಕಾಯುತ್ತಿದ್ದಾರೆ ಎಂದು ಡೆಲ್ಮರನಿಗೆ ತಿಳಿಯಿತು. ಗುಡುಗಿಗೆ ಮೊದಲು ಕಿವಿ ಮುಚ್ಚಿಕೊಂಡು ನಿಲ್ಲುತ್ತಾರಲ್ಲ, ಹಾಗೆ.

ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂದೂ ಆಗಿತ್ತು. ಅಪ್ಪ ಟೋಪಿ ಹಾಕಿಕೊಂಡು ಹೊರಗೆ ನಡೆದದ್ದು ಕಣ್ಣ ಮುಂದೆ ಬಂತು. ಡೆಲ್ಮರ್ ಅದನ್ನು ಕಹಿಮದ್ದಿನ ಹಾಗೆ ನುಂಗಿದ. ಮೊದಲು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ಮತ್ತೆ ಎದೆ ತುಂಬ ಗಾಳಿ ಎಳೆದು ಒಡೆದ ಕಿಟಕಿಯತ್ತ ಮುಖ ಎತ್ತಿದ.

"ಪೆಟ್ರಿ ಮಾಡಿದ್ದು ಸರಿ!"



"ಏನಂದೆ?" ಎಂದ ಗ್ಲೆನ್.

"ಪೆಟ್ರಿ ಮಾಡಿದ್ದು ಸರಿ! ಪೆಟ್ರಿ ಒಳ್ಳೇ ಮನುಷ್ಯ! ಅವತ್ತೂ ಅವನು ಮಾಡಿದ್ದು ಸರಿಯೇ!"

ಗ್ಲೆನ್ನನ ರೇಡಿಯೋ ಒಮ್ಮೆಲೇ ನಿಂತಿತು. ಜಗಲಿಯ ಮೆಟ್ಟಿಲು ಧಡಧಡ ಎಂದವು. ಬೇಲಿಯ ಬಾಗಿಲು ಕಿರ್ರೆಂದಿತು. ಹಿಮದಲ್ಲಿ ಓಡುವ ಹೆಜ್ಜೆ, ಮತ್ತೆ ಗ್ಯಾರೇಜಿನ ಪಕ್ಕದ ಚಿಕ್ಕ ಬಾಗಿಲು. ಆ ಬಾಗಿಲಿಗೆ ಬೀಗ ಹಾಕುವ ಪದ್ಧತಿ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಕೈಯಲ್ಲಿ ಇಕ್ಕಳ, ಸೊಂಟಕ್ಕೆ ಅಡುಗೆಯ ಬಟ್ಟೆ ಕಟ್ಟಿಕೊಂಡೇ ಗ್ಲೆನ್ ಬಾಗಿಲಲ್ಲಿ ನಿಂತಿದ್ದ.

"ಲೇ, ಕುಡಿದಿದೀಯಾ, ಇಲ್ಲಾ ತಲೆಗೆ ಏನಾದ್ರೂ..." ಎಂದವನು ಕುಸಿದ ಟ್ರಕ್ಕನ್ನೂ ಅದರ ಅಡಿಗೆ ಹೋದ ಕಾಲನ್ನೂ ನೋಡಿದ. ಇಕ್ಕಳ ಕೈಜಾರಿತು. "ಅಯ್ಯೋ ದೇವರೇ. ಯಾವಾಗಿನಿಂದ?"

"ನೀನು... ಕಾಲಲ್ಲ ಕಂಬ... ಅಂದೆಯಲ್ಲ," ಡೆಲ್ಮರನ ಹಲ್ಲು ಬಡಿಯುತ್ತಿದ್ದವು, "ಆವಾಗಿನಿಂದ."

ಗ್ಲೆನ್ನನ ಮುಖ ಬೂದಿಯಾಯಿತು. ಮೇಜಿನ ಮೇಲಿನ ಫೋನು ಎತ್ತಿ ತುರ್ತು ಸೇವೆಯವರನ್ನು ಕರೆದ. ರೇಡಿಯೋ ಗದ್ದಲದಲ್ಲಿ ಅವರ ಮಾತು ಕೇಳಿಸಲಿಲ್ಲವೆಂದು ಅದರ ಕಿವಿ ಹಿಂಡಿ ಆರಿಸಿದ.

"ಆರಿಸಬೇಡವೋ! ಇನ್ನೂ ಮುಗಿದಿಲ್ಲ!"

"ಬಾಯಿ ಮುಚ್ಚು ನೀನು" ಎಂದ ಗ್ಲೆನ್, ಫೋನಿನಲ್ಲಿ ವಿಳಾಸ ಹೇಳುತ್ತಲೇ. ಆಮೇಲೆ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಇಬ್ಬರೂ ಅರವತ್ತಾರರ ಗಂಡಸರು. ಶಾಲೆಯ ದಿನಗಳಿಂದ ಈಚೆಗೆ ಒಬ್ಬರನ್ನೊಬ್ಬರು ಮುಟ್ಟಿದ್ದು ಚರ್ಚಿನಲ್ಲಿ ಕೈಕುಲುಕುವಾಗ ಮಾತ್ರ. ಗ್ಲೆನ್ನನ ಕೈಗೆ ಸುಟ್ಟ ಮಾಂಸದ ವಾಸನೆ ಇತ್ತು. ಆ ಕೈ ಅವನ ಕೂದಲನ್ನು ಸವರುತ್ತಲೇ ಇತ್ತು.

"ನಾನು ಉತ್ತರ ಕೊಡ್ತಾನೇ ಇದ್ದೆನಲ್ಲೋ" ಎಂದ ಗ್ಲೆನ್. "ಪ್ರತಿ ಸಲ ಉತ್ತರ ಕೊಟ್ಟೆ. ಎಂಥಾ ಹಾಸ್ಯಗಾರ ನಾನು."

"ನನ್ನ ತಪ್ಪು" ಎಂದ ಡೆಲ್ಮರ್. ಆ ಮಾತನ್ನೂ ಆ ಗ್ಯಾರೇಜು ಮೊದಲು ಕೇಳಿರಲಿಲ್ಲ.

ಅಗ್ನಿಶಾಮಕದ ಹುಡುಗರು ಬಂದು ಟ್ರಕ್ಕನ್ನು ಎತ್ತಿದರು. ಆಂಬುಲೆನ್ಸಿನಲ್ಲಿ ಅವನ ತೋಳಿಗೆ ಪಟ್ಟಿ ಸುತ್ತುತ್ತಿದ್ದ ಹುಡುಗಿಯನ್ನು ಅವನು ಮೊದಲು ಕೇಳಿದ್ದು, "ಏನಾಯ್ತಮ್ಮ ಕೊನೆಗೆ?" ಎಂದು.

"ಮೊದಲು ನಿಮ್ಮ ಬಿಪಿ ನೋಡ್ತೀನಿ ತಾತ, ಆಮೇಲೆ ಹೇಳಬೇಕೋ ಬೇಡವೋ ಯೋಚನೆ ಮಾಡ್ತೀನಿ" ಎಂದಳು ಅವಳು.

ಅಷ್ಟಕ್ಕೇ ಅವನಿಗೆ ಗೊತ್ತಾಯಿತು.

ಕಾಲು ಎರಡು ಕಡೆ ಮುರಿದಿತ್ತು. ಒಳಗೆ ಕಬ್ಬಿಣದ ಸರಳು ಕೂರಿಸಿದರು. ಪಾದ ಉಳಿಯಿತು, ಎರಡು ಬೆರಳು ಮಾತ್ರ ಕೊನೆಗೂ ಜೀವ ಹಿಡಿಯಲಿಲ್ಲ. ಎಚ್ಚರವಾದಾಗ ಲೊರೇನ್ ಹಾಸಿಗೆಯ ಪಕ್ಕದಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಮೊಣಕಾಲ ಮೇಲೆ ಪುಡಿಂಗಿನ ಡಬ್ಬಿ. ಸೋತರೂ ಬಾನಿ ಕೊಟ್ಟು ಕಳಿಸಿದ್ದಳು.

"ಗ್ಲೆನ್ ಎಲ್ಲ ಹೇಳಿದ" ಎಂದಳು. "ಮಧ್ಯಾಹ್ನ ಪೂರ್ತಿ ಕೂಗಿದೆಯಂತೆ."

"ಹೂಂ."

ಅವಳು ಡಬ್ಬಿಯ ಮುಚ್ಚಳವನ್ನು ತೆಗೆದಳು, ಮತ್ತೆ ಮುಚ್ಚಿದಳು.

"ಕಾರಿನಲ್ಲಿ ಬರುವಾಗ ಯೋಚನೆ ಮಾಡ್ತಾ ಬಂದೆ, ನಾನು ಮನೇಲಿದ್ದಿದ್ರೆ ಅಂತ. ಅಡುಗೆಮನೆಯಲ್ಲಿ ಇದ್ದಿದ್ರೆ. ನೀನು ಕೂಗೋದು ಕೇಳಿಸಿದ್ರೆ ಏನು ಮಾಡ್ತಿದ್ದೆ ಗೊತ್ತಾ? ನಲ್ಲಿಯನ್ನ ಇನ್ನಷ್ಟು ಜೋರಾಗಿ ಬಿಡ್ತಿದ್ದೆ, ಡೆಲ್ಮರ್. ನಾನೂ ಬರ್ತಿರಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಮುದುಡಿತು. ಡೆಲ್ಮರ್ ಕೈ ಚಾಚಿದ. ಇಲ್ಲಿ ಅದು ಎಟುಕಿತು. ಅವಳು ಹಿಡಿದುಕೊಂಡಳು, ಆದರೆ ಅವನ ಕಡೆ ನೋಡಲಿಲ್ಲ. ಕಿಟಕಿಯ ಆಚೆ ವಾಹನ ನಿಲ್ಲಿಸುವ ಬಯಲಲ್ಲಿ ಹಿಮ ಗುಡಿಸುವ ಗಾಡಿ ಓಡಾಡುತ್ತಿತ್ತು. ಅದನ್ನೇ ನೋಡುತ್ತ ಕೂತಳು.

ಗ್ಲೆನ್ ಸುಮ್ಮನಿರುವವನಲ್ಲ. ಪೆಟ್ರಿಯ ಕಥೆ ಭಾನುವಾರ ಚರ್ಚಿಗೆ, ಸೋಮವಾರ ಕ್ಷೌರದಂಗಡಿಗೆ, ಮಂಗಳವಾರ ಕಾರ್ಖಾನೆಯ ಗೇಟಿಗೆ ಹೋಯಿತು. ಊರುಗೋಲು ಹಿಡಿದು ಮೊದಲ ಸಲ ಹೊರಗೆ ಬಂದಾಗ ಕಂಡವರೆಲ್ಲ, "ಪೆಟ್ರಿ ಹೇಗಿದಾನಪ್ಪ?" ಎಂದು ಕೇಳಿದರು. ಮಿಸ್ ಓಪಲ್ ಮಾತ್ರ ನಗಲಿಲ್ಲ. ಒಂದು ದಿನ ನಾಯಿಯನ್ನು ಬೇಲಿಗೆ ಕಟ್ಟಿ ಒಳಗೆ ಬಂದು, "ನೀನು ದೇವರ ಹೆಸರು ಹೇಳಿದ್ದು ನಿಜವಾಗಿಯೇ ಆಗಿತ್ತು. ನಾನೇ ತಿರುಗಿ ಹೋದೆ" ಎಂದು ಹೇಳಿ, ಅವನ ಕಾಲರು ಸರಿಮಾಡಿ, ಅಷ್ಟಕ್ಕೇ ಎದ್ದು ಹೋದಳು. ಅವಳನ್ನು ಸಮಾಧಾನ ಮಾಡುವುದಕ್ಕೂ ಅವಳು ಅವನಿಗೆ ಬಿಡುವು ಕೊಡಲಿಲ್ಲ.

ಮಾರ್ಚಿನಲ್ಲಿ ಟೂರ್ನಿ ಬಂತು. ಗ್ಯಾರೇಜಿನ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಲೊರೇನ್ ತಾನೇ ರೇಡಿಯೋ ತಂದು ಹಜಾರದಲ್ಲಿ ಅವನ ಒರಗು ಕುರ್ಚಿಯ ಪಕ್ಕದಲ್ಲಿಟ್ಟಳು. ಬಾನಿಯ ಮನೆಗೆ ಹೋಗಲಿಲ್ಲ. ಹೋಗು, ನನಗೇನೂ ಆಗುವುದಿಲ್ಲ ಎಂದು ಅವನೇ ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಆ ಶನಿವಾರದ ಮೇಲೆ ಅವಳು ಅವನನ್ನು ಒಬ್ಬನೇ ಬಿಟ್ಟು ಹಿತ್ತಲಿಗೂ ಹೋಗುತ್ತಿರಲಿಲ್ಲ. ಅವಳಿಗೆ ಇದ್ದದ್ದೊಂದು ಶನಿವಾರದ ಬಿಡುವು. ಅದನ್ನೂ ತಾನು ಕಿತ್ತುಕೊಂಡೆನಲ್ಲ ಎಂದು ಡೆಲ್ಮರನಿಗೆ ಅನ್ನಿಸಿತು.

ಆಟ ಶುರುವಾಯಿತು. ಎತ್ತರದ ಹುಡುಗ ಮೊದಲ ಚೆಂಡನ್ನೇ ಕೈಬಿಟ್ಟ. ಡೆಲ್ಮರ್ "ಅಯ್ಯೋ!" ಎಂದ, ಅಷ್ಟೇನೂ ಜೋರಾಗಿ ಅಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಸೋಪಿನ ನೊರೆ ತುಂಬಿದ ಕೈಯಲ್ಲೇ ಲೊರೇನ್ ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಅದೇ ಹೊತ್ತಿಗೆ ಹಿಂಬಾಗಿಲು ದೂಡಿಕೊಂಡು ಗ್ಲೆನ್ನನೂ ಒಳಗೆ ಬಂದಿದ್ದ.

"ಏನಿಲ್ಲ, ಏನಿಲ್ಲ. ಆಟಕ್ಕೆ ಅಂದದ್ದು" ಎಂದ ಡೆಲ್ಮರ್.

ಇಬ್ಬರೂ ಉಸಿರು ಬಿಟ್ಟು ತಂತಮ್ಮ ಕೆಲಸಕ್ಕೆ ಹೋದರು. ಅವನು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತ. ಚೆಂಡು ತಪ್ಪಿತು, ಸೀಟಿ ಕೇಳಿಸಿತು, ಕಮ್ಮಾರರು ಹಿಂದೆ ಬಿದ್ದರು. ಎದೆಯೊಳಗೆ ಎದ್ದದ್ದೆಲ್ಲ ಎದೆಯೊಳಗೇ ಸುತ್ತಾಡಿ, ದಾರಿ ಕಾಣದೆ ಪಕ್ಕೆಲುಬುಗಳನ್ನು ನಡುಗಿಸಿತು. ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ಬಹಳ ಹೊತ್ತು ಏನೂ ಕೇಳಿಸದಿದ್ದಾಗ ಲೊರೇನ್ ಬಾಗಿಲಿನಿಂದ ತಲೆ ಹಾಕಿದಳು.

"ಇದೀಯಾ?"

"ಇದೀನಿ."

"ಸೋತರಾ?"

"ಇನ್ನೂ ಇಲ್ಲ" ಎಂದ ಡೆಲ್ಮರ್.

ಅವಳು ಕೈ ಒರೆಸಿಕೊಂಡು ಬಂದು, ಅವನ ಮುರಿದ ಕಾಲಿನ ಪಕ್ಕದ ಮಣೆಯ ಮೇಲೆ ಕೂತಳು.